ಆರಕ್ಕೆ ಹತ್ತು

"ಅಮ್ಮನ ಬಸ್ಸಾ? ಅದು ಹೋಗಿ ಎಂಟು ನಿಮಿಷ ಆಯ್ತಲ್ಲ!"

ಬಸ್ ಸ್ಟಾಪಿನ ಪಕ್ಕದಲ್ಲಿ ಬೀಗ ರಿಪೇರಿ ಮಾಡುವ ತಾತ ಹೀಗೆಂದಾಗ ಚಿನಕುರುಳಿ ರಸ್ತೆಯ ಎರಡೂ ಕಡೆ ಇಣುಕಿ ನೋಡಿದಳು. ಮಾತು ಜಾಸ್ತಿ ಎಂದು ಮನೆಯವರು ಇಟ್ಟ ಹೆಸರು ಅದು.

ಅವಳ ಕೈಯಲ್ಲಿ ಅಮ್ಮನ ಕನ್ನಡಕದ ಡಬ್ಬಿ ಇತ್ತು. ಅಮ್ಮ ಬಸ್ ಡ್ರೈವರ್. ಕತ್ತಲಲ್ಲಿ ಓಡಿಸುವಾಗ ಆ ಕನ್ನಡಕ ಬೇಕೇ ಬೇಕು.

ನಾಲ್ಕು ಗಂಟೆಗೆ ಅಮ್ಮ ಫೋನ್ ಮಾಡಿದ್ದಳು. "ಕನ್ನಡಕ ಮರೆತು ಬಂದಿದೀನಿ ಕಣೇ. ಕತ್ತಲಾಗೋದು ಏಳಕ್ಕೆ, ಅಷ್ಟರಲ್ಲಿ ಡ್ಯೂಟಿ ಮುಗಿಯುತ್ತೆ. ಆದ್ರೂ ಕೈಲಿರಲಿ. ಆರಕ್ಕೆ ಹತ್ತು ನಿಮಿಷಕ್ಕೆ ನಮ್ಮ ಸ್ಟಾಪಿಗೆ ಬರ್ತೀನಿ, ತಂದ್ಕೊಡು."

"ತಾತಾ, ಆರೂ ಹತ್ತಕ್ಕೆ ಬರ್ತೀನಿ ಅಂದಿದ್ಲು. ಈಗಿನ್ನೂ ಐದೂ ಐವತ್ತೆಂಟು!"

"ಆರೂ ಹತ್ತು ಅಂದ್ಲೋ, ಆರಕ್ಕೆ ಹತ್ತು ಅಂದ್ಲೋ?"

"ಎರಡೂ ಒಂದೇ ಅಲ್ವಾ?"

"ಅಯ್ಯೋ ಪುಟ್ಟೀ! ಆರಕ್ಕೆ ಹತ್ತು ಅಂದ್ರೆ, ಆರಾಗೋಕೆ ಇನ್ನೂ ಹತ್ತು ನಿಮಿಷ ಇದೆ ಅಂತ. ಐದೂ ಐವತ್ತು!"

ಚಿನಕುರುಳಿ ಮೇಲೆ ನೋಡಿದಳು. ಸೂರ್ಯ ಆಗಲೇ ನೀರಿನ ಟ್ಯಾಂಕಿನ ಹಿಂದೆ ಇಳಿದಿದ್ದ. ಅಂಗಡಿಗಳಲ್ಲಿ ಒಂದೊಂದೇ ಲೈಟು ಹತ್ತುತ್ತಿತ್ತು. ಏಳಕ್ಕೆ ಬರಬೇಕಾದ ಕತ್ತಲು ಈಗಲೇ ಯಾಕೆ ಬಂತು?

"ಬಸ್ಸು ಮಾರ್ಕೆಟ್ ಸುತ್ತಿ ಕೊನೇ ಸ್ಟಾಪಿಗೆ ಹೋಗಿ ನಿಲ್ಲುತ್ತೆ," ಎಂದರು ತಾತ. "ನೀನು ಲೈಬ್ರರಿ ಹಿಂದಿನ ಗಲ್ಲೀಲಿ ಓಡು."

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಅರ್ಧ ದಾರಿಯಲ್ಲಿ ಒಂದು ಚಪ್ಪಲಿ ಕಳಚಿಕೊಂಡಿತು. ಅದನ್ನು ಕೈಯಲ್ಲಿ ಹಿಡಿದೇ ಓಡಿದಳು. ಒಂದು ನಾಯಿಮರಿ ಇದೇನೋ ಆಟವೆಂದು ಜೊತೆಗೂಡಿತು.

ಕೊನೇ ಸ್ಟಾಪಿನಲ್ಲಿ ಬಸ್ಸು ತುಂಬಿ ನಿಂತಿತ್ತು. ಅಮ್ಮ ಬಾಗಿಲ ಹತ್ತಿರ ನಿಂತು ದಾರಿ ನೋಡುತ್ತಿದ್ದಳು.

"ಆರೂ ಕಾಲಾಯ್ತು, ಹೊರಡಲ್ವಾ?" ಕಿಟಕಿಯಿಂದ ಒಬ್ಬರು ಗೊಣಗಿದರು.

"ಕಣ್ಣು ಬರಲಿ, ಹೊರಡ್ತೀನಿ."

"ಅಮ್ಮಾ, ಕಣ್ಣು ಬಂತು!" ಚಿನಕುರುಳಿ ಕೂಗುತ್ತಾ ಬಸ್ಸು ಹತ್ತಿದಳು.

ಮುಂದಿನ ಸೀಟಿನ ಅಜ್ಜಿ ಗಾಬರಿಯಾಗಿ ಕರ್ಚೀಫಿನಿಂದ ಮುಖ ಮುಚ್ಚಿಕೊಂಡರು. "ಕಣ್ಣು ಬಂದಿದ್ಯಾ? ದೂರ ಇರಮ್ಮಾ, ಅಂಟುತ್ತೆ!"

ಬಸ್ಸಿಗೆ ಬಸ್ಸೇ ನಕ್ಕಿತು.

ಅಮ್ಮ ಕನ್ನಡಕ ಹಾಕಿಕೊಂಡು ಬಸ್ಸು ಸ್ಟಾರ್ಟ್ ಮಾಡುವಷ್ಟರಲ್ಲಿ ಚಿನಕುರುಳಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿ ಮುಗಿಸಿದಳು. ಹೇಳಿ, ಬೈಗುಳಕ್ಕೆ ಕಾದಳು.

ಅಮ್ಮ ನಕ್ಕುಬಿಟ್ಟಳು. "ನೀನು ಇಪ್ಪತ್ತೇ ನಿಮಿಷ ತಪ್ಪಿದೆ. ನಾನು ಪೂರ್ತಿ ಒಂದು ಗಂಟೆ! ಆರು ತಿಂಗಳಿಂದ ಬೆಳಗಿನ ಶಿಫ್ಟು ನೋಡು, ಸಂಜೆ ರಸ್ತೆಗೇ ಬಂದಿರಲಿಲ್ಲ. ತಲೇಲಿ ಇನ್ನೂ ಬೇಸಿಗೆ ಬಿಸಿಲೇ ಕೂತಿತ್ತು. ಹಗಲು ಗಿಡ್ಡ ಆಗಿದ್ದು ಗೊತ್ತೇ ಆಗಲಿಲ್ಲ."

ಅಮ್ಮನಿಗೂ ಹೀಗಾಗುತ್ತಾ? ಚಿನಕುರುಳಿಗೆ ಇದು ಹೊಸ ಸಂಗತಿ.

ಮುಂದಿನ ಸ್ಟಾಪಿನಲ್ಲಿ ಹತ್ತಿದ ಬ್ಯಾಗಿನ ಅಂಕಲ್ ಸಿಡುಕಿದರು. "ಏನಮ್ಮಾ, ಇಷ್ಟು ಲೇಟು?"

"ಸಾರಿ ಸರ್. ತಪ್ಪು ನಂದೇ."

ಅಷ್ಟೇ. ಮಗಳ ಸುದ್ದಿಯನ್ನೇ ಅಮ್ಮ ಎತ್ತಲಿಲ್ಲ. ಚಿನಕುರುಳಿ ಅಮ್ಮನ ಬೆನ್ನನ್ನೇ ಒಂದು ಕ್ಷಣ ನೋಡಿದಳು.

"ಅಂಕಲ್," ಎಂದಳು ಮೆಲ್ಲಗೆ, "ಅರ್ಧ ನಂದು."

ಮೇಲಿನ ಕನ್ನಡಿಯಲ್ಲಿ ಅಮ್ಮನ ಕಣ್ಣು ಅವಳ ಕಡೆ ತಿರುಗಿತು. ಆಮೇಲೆ ಹೆಡ್‌ಲೈಟು ಬೆಳಗಿಸಿಕೊಂಡು ಬಸ್ಸು ಹೊರಟಿತು.