ಶಾಲಿನಿಯ ಎರಡು ಫ್ರೀ ಥ್ರೋ

ಆಗ ಜಯನಗರದ ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ. ಕೊನೆಯ ನಿಮಿಷದಲ್ಲಿ ಬಾಲ್ ಶಾಲಿನಿಯ ಕೈಗೆ ಸಿಕ್ಕರೆ ಎದುರು ಟೀಮಿನವರು ಬ್ಯಾಗ್ ಪ್ಯಾಕ್ ಮಾಡಿಕೊಳ್ಳಬಹುದು. ಅಲ್ಲಿಯವರೆಗೆ ಸಾಧಾರಣವಾಗಿ ಆಡುವ ಹುಡುಗಿ, ಎಲ್ಲರೂ ಹೆದರುವ ಹೊತ್ತಿಗೆ ಸರಿಯಾಗಿ ಬಾಲ್ ಕೇಳಿ ಇಸಿದುಕೊಳ್ಳುತ್ತಿದ್ದಳು. ಅವಳಿಗೆ ಭಯವೆಂಬುದೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು.

ನಾನು ಭೀಮೇಶ್, ಆಟದಲ್ಲಿ ಸೊನ್ನೆ. ಟೈಮ್‌ಕೀಪರ್ ಆಗಿ ಸ್ಟಾಪ್‌ವಾಚ್ ಹಿಡಿದು ಕೂರುವುದಷ್ಟೇ ನನ್ನ ಕೆಲಸ. ಬಿಳೇಕಹಳ್ಳಿಯಿಂದ ದಿನಾ ಸೈಕಲ್ ತುಳಿದು ಬರುತ್ತಿದ್ದದ್ದು ಯಾರಿಗಾಗಿ ಎಂದು ಶಾಲಿನಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ತೊಂಬತ್ತಾರರ ಆ ಫೈನಲ್ ಮುಗಿದರೆ ಅವಳು ರೈಲ್ವೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೊರಡುವವಳು. ಹೇಳುವುದಾದರೆ ಅವತ್ತೇ ಹೇಳಬೇಕಿತ್ತು. ನನಗೋ ಬಾಯೇ ಬರುತ್ತಿರಲಿಲ್ಲ.

ಸ್ಕೋರ್ ಸಮವಾಗಿತ್ತು. ಇನ್ನೇನು ಆಟ ಮುಗಿಯಬೇಕು ಎನ್ನುವಾಗ ಶಾಲಿನಿಗೆ ಎರಡು ಫ್ರೀ ಥ್ರೋ ಸಿಕ್ಕವು. ಅವಳು ಹೋಗಿ ಗೆರೆಯ ಹತ್ತಿರ ನಿಂತಳು. ಕರೆಂಟ್ ಹೋಯಿತು.

ಸ್ಕೂಟರ್‌ಗಳ ಹೆಡ್‌ಲೈಟ್ ಹಾಕಿಸಿ ಆಡಿಸೋಣ ಎಂದು ಕೋಚ್ ವೆಂಕಟಾಚಲ ಸಾರ್ ಹಟ ಹಿಡಿದರು. ರೆಫರಿ ಒಪ್ಪಲಿಲ್ಲ. ಆ ವಾದದ ನಡುವೆ ಶಾಲಿನಿ ಬಂದು ನನ್ನ ಪಕ್ಕ ಕುಳಿತು ನೀರು ಕೇಳಿದಳು. ಬಾಟಲಿ ಕೊಡುವಾಗ ಅವಳ ಬೆರಳು ತಾಕಿತು. ತಣ್ಣಗೆ ನಡುಗುತ್ತಿದ್ದ ಆ ಬೆರಳು ಇವತ್ತಿಗೂ ನನಗೆ ನೆನಪಿದೆ.

"ನಿಂಗೂ ಭಯ ಆಗತ್ತಾ?"

"ಪ್ರತಿ ಸಲ ಆಗತ್ತೆ ಕಣೋ. ಮಿಸ್ ಆದ್ರೆ ಏನೇನಾಗತ್ತೋ ಅದನ್ನೆಲ್ಲ ಮೊದ್ಲೇ ಅನುಭವಿಸಿಬಿಡ್ತೀನಿ. ಸಾರ್ ಬೈಯೋದು, ಹುಡ್ಗೀರು ಅಳೋದು, ಎಲ್ಲಾ. ತಡ್ಕೋಬಹುದು ಅನ್ಸತ್ತೆ. ಆಮೇಲೆ ಎಸೆಯೋದು ಸುಲಭ."

ನಾನೂ ಆ ಕತ್ತಲಲ್ಲಿ ಅವಳ 'ಇಲ್ಲ'ವನ್ನು ಪೂರ್ತಿ ಅನುಭವಿಸಿ ನೋಡಿದೆ. ಅವಳು ನಕ್ಕುಬಿಡುವುದು, ಹುಬ್ಬಳ್ಳಿಯಿಂದ ಒಂದು ಕಾಗದವೂ ಬಾರದಿರುವುದು, ಖಾಲಿ ಕೋರ್ಟ್ ನೋಡಿಕೊಂಡು ನಾನು ಮನೆಗೆ ಹೋಗುವುದು. ಆದರೂ ಬದುಕಬಹುದು ಎನಿಸಿತು.

"ಶಾಲಿನಿ, ನಂಗೆ ನೀನಂದ್ರೆ ತುಂಬಾ ಇಷ್ಟ."

ಮುಚ್ಚಳ ತಿರುಗಿಸುತ್ತಿದ್ದ ಅವಳ ಕೈ ನಿಂತಿತು. ಅಷ್ಟರಲ್ಲಿ ದೀಪ ಬಂತು, ಜನ ಹೋ ಎಂದರು, ರೆಫರಿ ಸೀಟಿ ಊದಿದರು.

ಮೊದಲ ಎಸೆತ ರಿಂಗಿಗೂ ತಾಗಲಿಲ್ಲ. ಸಾರ್ ತಲೆಯ ಮೇಲೆ ಕೈ ಹೊತ್ತುಕೊಂಡರು. ಶಾಲಿನಿ ತಿರುಗಿ ನನ್ನನ್ನು ನೋಡಿದಳು. ಹುಬ್ಬು ಗಂಟಿಕ್ಕಿತ್ತು, ತುಟಿಯ ಅಂಚು ಮಾತ್ರ ನಗು ತಡೆದುಕೊಂಡಂತಿತ್ತು. ಓಡದೆ ನಿಂತಿದ್ದ ಸ್ಟಾಪ್‌ವಾಚನ್ನೇ ನಾನು ನೋಡುತ್ತ ಕುಳಿತೆ. ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಎರಡನೆಯದು ಸದ್ದಿಲ್ಲದೆ ಒಳಗೆ ಬಿತ್ತು, ನಾವು ಗೆದ್ದೆವು.

ಗಲಾಟೆಯೆಲ್ಲ ಮುಗಿದ ಮೇಲೆ ಮೇಜು ಮಡಚುತ್ತಿದ್ದ ನನ್ನ ಹತ್ತಿರ ಬಂದಳು. ಮೊದಲನೆಯದು ಹಾಳಾದದ್ದಕ್ಕೆ ಸಾರಿ ಕೇಳಲು ಹೋದರೆ ಕೈಯೆತ್ತಿ ತಡೆದಳು.

"ಎರಡನೇದು ಎಸೆಯೋಕೆ ಮುಂಚೆ, ನಿಂಗೆ ಇಲ್ಲ ಅಂದ್ರೆ ಹೇಗಿರತ್ತೆ ಅಂತ ಅನುಭವಿಸಿ ನೋಡ್ದೆ. ಅದೊಂದನ್ನ ಮಾತ್ರ ತಡ್ಕೊಳ್ಳೋಕಾಗ್ಲಿಲ್ಲ ಭೀಮೇಶ್."