ಗ್ರೀಕನ ಕಾಫಿ ಪಾತ್ರೆ

ಬೆಳಗ್ಗೆ ಐದೂವರೆಗೆ ಅಮೋಘನ ಫೋನು ಒಮ್ಮೆ ಬಡಿದುಕೊಂಡು ಸುಮ್ಮನಾಯಿತು.

ಮಿಸ್ಡ್ ಕಾಲ್! ಅಂದರೆ ಅನ್ಸಿಫ್ ಕೆಳಗೆ ಗಾಡಿ ನಿಲ್ಲಿಸಿದ್ದಾನೆ, ಇಳಿದು ಬಾ ಎಂದರ್ಥ. ಸಿಲಿಕಾನ್ ಓಯಸಿಸ್‌ನ ಈ ಕಟ್ಟಡದಿಂದ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪಿಗೆ ಅವರಿಬ್ಬರೂ ನಾಲ್ಕು ವರ್ಷದಿಂದ ಒಟ್ಟಿಗೆ ಹೋಗುತ್ತಿದ್ದದ್ದು ಹೀಗೆಯೇ.

ಆದರೆ ಅಮೋಘ ತೀರಿಕೊಂಡು ಇಂದಿಗೆ ಹದಿನಾಲ್ಕು ದಿನ...

ಅಂತ್ಯಕ್ರಿಯೆ ಮುಗಿದಿತ್ತು. ವಿಧಿಗಳೂ ಮುಗಿದಿದ್ದವು. ಅತ್ತೆ ಮಾವ ನಿನ್ನೆ ವಿಮಾನ ಹತ್ತಿದ್ದರು. ಯಾರೂ ಬರದ, ಏನೂ ಮಾಡಬೇಕಿಲ್ಲದ ಮೊದಲ ಬೆಳಗು ಇದು. ಹಾಸಿಗೆ ಮಡಿಸಿಟ್ಟು ಕುಳಿತಿದ್ದ ಅವನ ಹೆಂಡತಿ ಸಾಕ್ಷಿಗೆ ಮುಂದೇನೆಂದು ತೋಚಿರಲಿಲ್ಲ. ಈ ಹದಿನಾಲ್ಕು ದಿನಗಳಲ್ಲಿ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

ಅವಳು ಕೆಳಗಿಳಿದು ಹೋದಳು. ಅನ್ಸಿಫ್ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕುಳಿತಿದ್ದ.

"ತಪ್ಪಾಯ್ತು ಅಕ್ಕ! ಗಾಡಿ ತಾನೇ ಈ ಕಡೆ ತಿರುಗಿತು. ಕೈ ತಾನೇ ಫೋನು ಒತ್ತಿತು. ನಾನು ಎಂಥ ಜನ ಮಾರಾಯ್ರೆ..."

"ಇರಲಿ ಬಿಡ್ರಿ ಅನ್ಸಿಫ್."

"ನೀವು ಮೇಲೆ ಹೋಗಿ. ನನಗೆ ಇವತ್ತು ಬೇಗ ಹೋಗ್ಲಿಕ್ಕುಂಟು, ಸ್ತಾವ್ರೋಸ್ ಮುದುಕರ ಆಫೀಸಿಗೆ. ಹಾಂ, ಅವರ ಹತ್ರ ಅಮೋಘ ಒಂದು ಕಾಫಿ ಪಾತ್ರೆ ಇಸ್ಕೊಂಡು ಬಂದಿದ್ದ. ಹಿತ್ತಾಳೆದ್ದು, ಉದ್ದ ಹಿಡಿ. ಅವರೇನೂ ಕೇಳ್ಲಿಲ್ಲ, ಆದ್ರೂ ಸಿಕ್ಕಿದಾಗ ಕೊಡಿ."

ಸ್ತಾವ್ರೋಸ್!

ಮೇಲೆ ಹೋಗಲು ತಿರುಗಿದ್ದ ಸಾಕ್ಷಿ ಅಲ್ಲೇ ನಿಂತಳು.

ಸ್ತಾವ್ರೋಸ್ ಒಂದು ಗ್ರೀಕ್ ಹಡಗು ಕಂಪನಿಯ ಅಬುಧಾಬಿ ಮುಖ್ಯಸ್ಥ. ಹಡಗಿನ ಪಂಪುಗಳ ರಿಪೇರಿಯನ್ನು ಅಮೋಘನ ವರ್ಕ್‌ಶಾಪಿಗೆ ಕೊಡುವವರು. "ಗ್ರೀಕರ ಜೋಡಿ ವ್ಯವಹಾರ ಅಂದ್ರ ಮೊದಲು ಊಟ, ಆಮ್ಯಾಲೆ ಮನಿ ಸುದ್ದಿ, ಕಡೀಕ ಕಾಗದ. ನಮ್ಮ ಧಾರವಾಡದವರ ಹಂಗ ನೋಡು!" ಎಂದು ಅಮೋಘ ನಗುತ್ತಿದ್ದ. ಹೆಂಡತಿಯನ್ನು ನೋಡದೆ ಗಂಡನನ್ನು ನಂಬುವುದಿಲ್ಲವೆಂದು ಮುದುಕ ಹಟ ಹಿಡಿದಿದ್ದಕ್ಕೇ ಏಳು ತಿಂಗಳ ಹಿಂದೆ ಅವಳನ್ನು ಊಟಕ್ಕೆ ಕರೆದೊಯ್ದಿದ್ದು.

ಆ ದಿನ ಸ್ತಾವ್ರೋಸ್ ಮೂರನೆಯ ಸಲ ಬಡಿಸಲು ಬಂದಾಗ ಸಾಕ್ಷಿ ನಗುತ್ತಾ ಬೆರಳು ಅಗಲಿಸಿ ಅಂಗೈಯನ್ನು ಅವರೆದುರು ಅಡ್ಡ ಹಿಡಿದಿದ್ದಳು. "ಸಾಕು, ಸಾಕು!"

ಮೇಜಿನ ಸುತ್ತ ಮಾತು ನಿಂತುಹೋಯಿತು. ಕೊನೆಯಲ್ಲಿ ಕುಳಿತಿದ್ದ ಯಾರೋ ಕಿಸಕ್ಕನೆ ನಕ್ಕರು. ಅಮೋಘನ ಮುಖ ಕೆಂಪಾಯಿತು.

"ನಾನೇನು ತಪ್ಪು ಮಾಡಿದೆ?" ಕಾರಿನಲ್ಲಿ ಕೇಳಿದ್ದಳು.

"ಏನಿಲ್ಲ."

ಆಮೇಲೆ ರವಿವಾರದ ಊಟಗಳಿಗೆ ಅವನೊಬ್ಬನೇ ಹೋದ. ಅವಳನ್ನು ಒಮ್ಮೆಯೂ ಕರೆಯಲಿಲ್ಲ. ಕೊನೆಯ ವಾರ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು. "ನನ್ನ ಕರ್ಕೊಂಡು ಹೋಗಾಕ ನಿಮಗ ನಾಚಿಕಿ ಬರ್ತದಲ್ಲ?"

ಅವನು ಅವಳನ್ನೇ ನೋಡಿದ. ಎದ್ದು ಒಳಗೆ ಹೋದ. ಮೂರನೆಯ ದಿನ ವರ್ಕ್‌ಶಾಪಿನಲ್ಲೇ ಹೃದಯ ನಿಂತಿತು.

ನನ್ನ ಬಗ್ಗೆ ನಾಚಿಕೆ ಇಟ್ಟುಕೊಂಡೇ ಹೋದರೇ? ಇವತ್ತು ಕೇಳದಿದ್ದರೆ ಇನ್ನು ಯಾರನ್ನು ಕೇಳಲಿ?

"ಹತ್ತು ನಿಮಿಷ ನಿಲ್ರಿ ಅನ್ಸಿಫ್. ನಾನೂ ಬರ್ತೀನಿ."

"ಅಕ್ಕ, ಅಷ್ಟು ದೂರ... ಈಗ ಎಂಥದಕ್ಕೆ?"

"ಇಸ್ಕೊಂಡದ್ದು ಕೊಡಬೇಕಲ್ರಿ."

ಪಾತ್ರೆ ಅಡುಗೆಮನೆಯ ಒಗ್ಗರಣೆ ಸೌಟುಗಳ ನಡುವೆಯೇ ಇತ್ತು.

* * *

ಬಾಗಿಲಲ್ಲಿ ಅವಳನ್ನು ಕಂಡದ್ದೇ ಸ್ತಾವ್ರೋಸ್ ಎದ್ದು ಬಂದರು. ಎಪ್ಪತ್ತು ದಾಟಿದ ದೊಡ್ಡ ಮೈ. ಅವಳ ಎರಡೂ ಕೈಗಳನ್ನು ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು.

"ನಿಮಗೆ ಆಯುಷ್ಯ ಇರಲಿ ಅಂತ," ಅನ್ಸಿಫ್ ಮೆಲ್ಲನೆ ಹೇಳಿದ. "ಸತ್ತವರ ಮನೆಯವರಿಗೆ ಅವರಲ್ಲಿ ಹಾಗೆ ಹೇಳೋದು."

ಅಲ್ಲಿಂದ ಮುಂದೆ ಮಾತು ಇಂಗ್ಲಿಷಿನಲ್ಲಿ ಸಾಗಿತು. ಅವಳು ಬಂದ ಕೆಲಸವೇನೆಂದು ಮುದುಕ ಕೇಳಲಿಲ್ಲ. ತಂದೆ ತಾಯಿ ಹೇಗಿದ್ದಾರೆ? ತಿಂಡಿ ತಿಂದೆಯಾ? ಒಬ್ಬಳೇ ಮಲಗಲು ಭಯವೇ? ಕಾಫಿ ತಾವೇ ಕಾಸಿ ತಂದು ಮುಂದಿಟ್ಟರು. ಅದನ್ನು ಬೇಡವೆನ್ನಬಾರದೆಂದು ಅಮೋಘ ಹೇಳಿದ್ದು ಅವಳಿಗೆ ನೆನಪಿತ್ತು.

ಅರ್ಧ ಗಂಟೆ ಕಳೆದ ಮೇಲೆ ಅವಳೇ ಬಾಯಿ ಬಿಟ್ಟಳು.

"ಆ ದಿನ ಊಟದಲ್ಲಿ ನಾನು ಏನು ಮಾಡಿದೆ?"

ಸ್ತಾವ್ರೋಸ್ ಅನ್ಸಿಫ್‌ನತ್ತ ನೋಡಿದರು. ಅನ್ಸಿಫ್ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು!

"ನಿನಗೆ ಹೇಳಬಾರದೆಂದು ನಿನ್ನ ಗಂಡ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದ, ಮಗಳೇ."

"ಅವರಿಲ್ಲ ಈಗ. ದಯವಿಟ್ಟು ಹೇಳಿ."

"ಐದು ಬೆರಳು ಅಗಲಿಸಿ ಅಂಗೈಯನ್ನು ಮುಖಕ್ಕೆ ಹಿಡಿಯುವುದು ನಮ್ಮ ದೇಶದಲ್ಲಿ ಬೈಗುಳ. ಬಹಳ ಕೆಟ್ಟ ಬೈಗುಳ. ಅದಕ್ಕಾಗಿ ರಸ್ತೆಯಲ್ಲಿ ಹೊಡೆದಾಟಗಳೇ ಆಗುತ್ತವೆ."

ಸಾಕ್ಷಿ ತನ್ನ ಅಂಗೈ ನೋಡಿಕೊಂಡಳು. ಅಯ್ಯೋ! ಇಷ್ಟು ಹಿರಿಯರಿಗೆ... ಅವರದೇ ಮೇಜಿನಲ್ಲಿ...

"ನನಗೆ ಗೊತ್ತಿತ್ತು, ನಿನಗೆ ಗೊತ್ತಿಲ್ಲವೆಂದು. ಆದರೆ ನನ್ನ ಹುಡುಗರಿಗೆ ಅದು ತಮಾಷೆಯಾಯಿತು. ಪ್ರತಿ ವಾರ ಬಡಿಸುವಾಗ ಕೈ ಎತ್ತಿ 'ಸಾಕು, ಸಾಕು' ಎಂದು ನಗುವರು. ಒಂದು ದಿನ ನಾನೂ ನಕ್ಕೆ. ಅಮೋಘ ತಟ್ಟೆ ಸರಿಸಿ ಎದ್ದ. 'ನಮ್ಮಲ್ಲಿ ದೇವರು ಹಾಗೆಯೇ ಅಂಗೈ ತೋರಿಸಿ ನಿಲ್ಲುತ್ತಾನೆ, ಹೆದರಬೇಡ ಎಂದು. ನನ್ನ ಹೆಂಡತಿ ಆ ಕೈ ಎತ್ತಿದರೆ ನೋಡಲು ನನಗೆ ಇಷ್ಟ. ಇದರ ಅರ್ಥ ತಿಳಿದರೆ ಅವಳು ಇನ್ನೆಂದೂ ಎತ್ತುವುದಿಲ್ಲ. ನೀವೆಲ್ಲ ನಗುವುದು ಬಿಟ್ಟ ದಿನ ಅವಳನ್ನು ಕರೆತರುತ್ತೇನೆ. ಪಂಪಿನ ಕೆಲಸ ಬೇಕಾದರೆ ಬೇರೆಯವರಿಗೆ ಕೊಡಿ' ಎಂದ."

ಸ್ತಾವ್ರೋಸ್ ತಮ್ಮ ಕಪ್ಪನ್ನು ಪಕ್ಕಕ್ಕೆ ಸರಿಸಿದರು.

"ನನಗೆ ಸಿಟ್ಟು ಬಂತು. ಎರಡು ವಾರ ಅವನ ಫೋನು ಎತ್ತಲಿಲ್ಲ. ಆಮೇಲೆ ಯೋಚಿಸಿದೆ. ಹೆಂಡತಿಯನ್ನು ಬಿಟ್ಟುಕೊಡದವನು ನನ್ನ ಹಡಗನ್ನು ನಡುನೀರಿನಲ್ಲಿ ಕೈಬಿಡುತ್ತಾನೆಯೇ? ವರ್ಷದ ಕೆಲಸ ಪೂರ್ತಿ ಅವನಿಗೇ ಕೊಟ್ಟೆ."

"ಮತ್ತೆ... ನನ್ನನ್ನು ಕರೆತರಲೇ ಇಲ್ಲವಲ್ಲ?"

"ಕಳೆದ ತಿಂಗಳು ಕೊನೆಗೂ ಎಲ್ಲರೂ ಸುಮ್ಮನಾದರು. ಆಗಲೇ ಪಾತ್ರೆ ಇಸಕೊಂಡ. ನಿಮ್ಮ ಕಾಫಿ ಅವಳಿಗೆ ಮನೆಯಲ್ಲೇ ರೂಢಿ ಮಾಡಿಸಿ ಕರೆತರುತ್ತೇನೆ, ಇನ್ನೊಮ್ಮೆ ಅವಳನ್ನು ನೋಡಿ ಯಾರೂ ನಗಬಾರದು ಎಂದ. ಮಾಡಿಕೊಟ್ಟನೇ?"

ಮಾಡಿಕೊಟ್ಟಿದ್ದ. ಅದೇ ಕೊನೆಯ ವಾರ. ಅವಳು ಸಿಟ್ಟಿನಲ್ಲಿ ಒಂದೇ ಗುಟುಕಿಗೆ ತಳದವರೆಗೆ ಎತ್ತಿ, ಬಾಯೆಲ್ಲ ಪುಡಿಯಾಗಿ, "ಥೂ, ಕೆಸರು!" ಎಂದು ಸಿಂಕಿಗೆ ಉಗುಳಿದ್ದಳು. ಅವನು ಲೋಟ ತೊಳೆದಿಟ್ಟಿದ್ದ. ಅದೆಲ್ಲವನ್ನೂ ಅವಳು ಮುದುಕನಿಗೆ ಹೇಳಿದಳು.

"ತಳದವರೆಗೆ ಕುಡಿದೆಯಾ? ತಳದ್ದು ಬಿಡಬೇಕು ಮಗಳೇ! ಅದನ್ನು ಹೇಳಿಕೊಡಲಿಲ್ಲವೇ ಆ ದಡ್ಡ?"

ಮುದುಕ ನಗುತ್ತಲೇ ಕಣ್ಣೊರೆಸಿಕೊಂಡರು.

ಆಗ ಬಂತು ಅಳು. ಹದಿನಾಲ್ಕು ದಿನಗಳದ್ದೂ, ಏಳು ತಿಂಗಳದ್ದೂ ಒಟ್ಟಿಗೇ ಬಂತು. ಅನ್ಸಿಫ್ ಕಿಟಕಿಯ ಕಡೆ ತಿರುಗಿಕೊಂಡ.

ಬಹಳ ಹೊತ್ತಿನ ಮೇಲೆ ಅವಳು ಚೀಲದಿಂದ ಪಾತ್ರೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಇಟ್ಟುಕೋ. ಅವನ ನೆನಪಿಗೆ," ಎಂದರು ಸ್ತಾವ್ರೋಸ್.

"ಬೇಡ. ಅವರು ಇಸಕೊಂಡದ್ದು. ಅವರ ಪರವಾಗಿ ನಾನೇ ಕೊಡಬೇಕು."

ಮುದುಕ ಮತ್ತೆ ಒತ್ತಾಯಿಸಲಿಲ್ಲ. ಅವರೂ ಎರಡೂ ಕೈ ಚಾಚಿ ತೆಗೆದುಕೊಂಡರು.

"ತಲುಪಿತು ಎಂದು ಅವನಿಗೆ ಹೇಳು."

ಸಾಕ್ಷಿ ತಲೆಯಾಡಿಸಿದಳು. ಆಮೇಲೆ ಯಾರನ್ನೂ ನೋಡದೆ, ತನ್ನ ಮಾತಿನಲ್ಲಿ, ಮನೆಯಲ್ಲಿ ಹೇಳುವಷ್ಟೇ ಮೆಲ್ಲಗೆ ಹೇಳಿದಳು.

"ಏನೆಂದಳು?" ಸ್ತಾವ್ರೋಸ್ ಅನ್ಸಿಫ್‌ನನ್ನು ಕೇಳಿದರು.

ಅನ್ಸಿಫ್ ಕಿಟಕಿಯಿಂದ ಇತ್ತ ತಿರುಗಿದ. "ನಿಮಗಲ್ಲ ಸರ್, ಅಮೋಘನಿಗೆ ಹೇಳಿದ್ದು... 'ರೀ, ಕಾಫಿ ಚೊಲೋ ಆಗಿತ್ತು' ಅಂತ."