ದೋಣಿಗೆ ಕಟ್ಟಿದ ಕಂಕಣ

ಅವನು ಮೊದಲ ಸಲ ಬಾಗಿಲಲ್ಲಿ ನಿಂತಾಗ ಪ್ರಿಯಂವದಾ ಅವನ ಕೈಗೆ ಕುಕ್ಕರ್ ಕೊಟ್ಟಿದ್ದಳು. ಸೀಟಿ ಹಾಕದೆ ಸತಾಯಿಸುತ್ತಿದ್ದ ಕುಕ್ಕರ್. ರಿಪೇರಿಯವನು ಬರುತ್ತಾನೆ ಎಂದು ಅಮ್ಮ ಹೇಳಿದ್ದಳು, ಇವನ ಹೆಗಲಲ್ಲಿ ಟೂಲ್ ಬ್ಯಾಗ್ ಇತ್ತು. ಇನ್ನೇನು ಬೇಕು? ಅವನು ಮಾತಾಡದೆ ಜಗಲಿಯಲ್ಲೇ ಕೂತು, ತೂತಿನಲ್ಲಿ ಸಿಕ್ಕಿಕೊಂಡಿದ್ದ ಬೇಳೆ ಸಿಪ್ಪೆ ತೆಗೆದು, ಊದಿ, ವಾಪಸ್ ಕೊಟ್ಟ.

"ಆಯ್ತು ಮೇಡಂ. ಈಗ ದೋಣಿ ತೋರಿಸ್ತೀರಾ?"

ನಾಚಿಕೆಯಿಂದ ಅವಳ ಮುಖ ಕಿವಿಯವರೆಗೂ ಬಿಸಿಯಾಯಿತು. ಅವನು ಹೋಳೂರಿನ ಶ್ರೀಧರ್, ಕೋಲಾರದಲ್ಲಿ ಲೇತ್ ಅಂಗಡಿ ಇಟ್ಟವನು, ಅಪ್ಪ ಒಂದು ತಿಂಗಳಿಂದ ಕಾಯುತ್ತಿದ್ದವನು ಎಂದು ಆಮೇಲೆ ಗೊತ್ತಾಯಿತು. ಕುಕ್ಕರ್ ಮಾತ್ರ ಅಂದಿನಿಂದ ಸರಿಯಾಗಿ ಕೂಗುತ್ತಿದೆ.

ಅಪ್ಪ ವೆಂಕಟರಮಣ ಜೀವಮಾನವಿಡೀ ಮುಳಬಾಗಿಲಿನ ಅಂಗಡಿಗಳ ಲೆಕ್ಕ ಬರೆದವರು. ನಿವೃತ್ತರಾದ ಮೇಲೆ ಹಲಸಿನ ಮರದಲ್ಲಿ ಮೊಳಕ್ಕಿಂತ ಉದ್ದದ ದೋಣಿ ಕೆತ್ತಿದರು. ಅದಕ್ಕೆ ನಿಜವಾದ ಸ್ಟೀಮ್ ಎಂಜಿನ್ನೇ ಬೇಕೆಂಬ ಹಟ. ಬ್ಯಾಟರಿ ಹಾಕಿದರೆ ಮಕ್ಕಳ ಆಟಿಕೆಯಾಗುತ್ತದೆ ಎನ್ನುತ್ತಿದ್ದರು. ಶ್ರೀಧರ್ ಹಿತ್ತಾಳೆಯ ಪುಟ್ಟ ಬಾಯ್ಲರ್, ಒಂದೇ ಸಿಲಿಂಡರ್, ಕೆಳಗೆ ಉರಿಯುವ ಸ್ಪಿರಿಟ್ ದೀಪ, ಎಲ್ಲವನ್ನೂ ತಾನೇ ಮಾಡಿ ತಂದ. ಕೂಲಿ ಎಷ್ಟು ಎಂದು ಅಪ್ಪ ಕೇಳಿದರೆ ಅವನದು ಒಂದೇ ಉತ್ತರ. ಅವನ ಅಂಗಡಿಯಲ್ಲಿ ಮಷೀನು ಓಡುವ ತನಕ ಕೂಲಿಯ ಮಾತೆತ್ತುವ ಪದ್ಧತಿಯಿಲ್ಲ, ಓಡಿದ ದಿನ ಅವನೇ ಕೇಳುತ್ತಾನೆ.

ಎಂಜಿನ್ ಕೂರಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ಭಾನುವಾರ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಟ್ಟ ಕೂಡಲೇ ಬಾಯ್ಲರ್ ಭಾರಕ್ಕೆ ದೋಣಿ ಮಗುಚಿಕೊಂಡಿತು. ಒಳಗಿನ ಅಡ್ಡಪಟ್ಟಿ ಕೊರೆದು ಬಾಯ್ಲರನ್ನು ತಳಕ್ಕೆ ಇಳಿಸಿದರು. ಆಮೇಲೆ ಹಿಂದೆ ನೀರು ತಳ್ಳುವ ಫ್ಯಾನಿನ ಕಂಬಿ ಎಂಜಿನ್ನಿಗೆ ನೇರ ಬರದೆ ಒದ್ದಾಡಿತು. ಪ್ರಿಯಂವದಾ ಟಾರ್ಚ್ ಹಿಡಿದು ನಿಲ್ಲುತ್ತಿದ್ದಳು. ಸುಮ್ಮನೆ ನಿಲ್ಲಬೇಕಲ್ಲ, ಅವನ ಹುಬ್ಬಿನ ಮೇಲಿನ ಗ್ರೀಸ್, ನಗು ತಡೆಯುವಾಗ ಬಿಗಿಯುವ ತುಟಿ, ಎಲ್ಲವನ್ನೂ ನೋಡುತ್ತಿದ್ದಳು.

"ಮೇಡಂ, ಟಾರ್ಚ್ ದೋಣಿಗೆ ಬಿಡಿ. ನನ್ನ ಮುಖ ರಿಪೇರಿಗೆ ಬಂದಿಲ್ಲ."

"ಬಂದಿದ್ರೂ ಆಗ್ತಿರ್ಲಿಲ್ಲ, ಬಿಡಿ."

ಎದೆಯೊಳಗೆ ಮಾತ್ರ ದಿಗಿಲು. ದೋಣಿ ಓಡಿದ ದಿನ ಇವನಿಗೆ ಈ ಮನೆಗೆ ಬರಲು ಕಾರಣವೇ ಇರುವುದಿಲ್ಲ. ಅವನೋ ಭಾನುವಾರ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಹೋಗುತ್ತಾನೆ. ಮನಸ್ಸಿನಲ್ಲಿ ಏನಿದೆ ಎಂದು ಬಾಯಿ ಬಿಡುವುದಿಲ್ಲ. ಕೊನೆಗೆ ಒಂದು ಭಾನುವಾರ, ಅವನು ಕೈ ತೊಳೆಯಲು ಹೋದಾಗ, ಹಬೆಯ ಪೈಪಿನ ಸಂದಿಗೆ ಹಾಕುವ ತಾಮ್ರದ ವಾಷರನ್ನು ಅವಳು ಮೆಲ್ಲಗೆ ಪರ್ಸಿಗೆ ಸೇರಿಸಿದಳು. ಅದಿಲ್ಲದಿದ್ದರೆ ಹಬೆಯೆಲ್ಲ ಸೋರುತ್ತದೆ, ದೋಣಿ ಓಡುವುದಿಲ್ಲ. ಇನ್ನೊಂದು ಭಾನುವಾರ ಸಿಕ್ಕಿದಂತಾಯಿತು.

ಮುಂದಿನ ವಾರ ಎಲ್ಲರೂ ಕುರುಡುಮಲೆಗೆ ಹೊರಟರು. ಹೊಸ ಗಾಡಿ ತಂದವರೆಲ್ಲ ಗಣಪತಿಯ ಮುಂದೆ ನಿಲ್ಲಿಸಿ ಪೂಜೆ ಮಾಡಿಸುವಾಗ ನಮ್ಮ ದೋಣಿ ಏನು ಪಾಪ ಮಾಡಿದೆ ಎಂಬುದು ಅಮ್ಮ ತುಳಸಮ್ಮನ ವಾದ. ದೋಣಿಗೆ ಕುಂಕುಮ ಬಿತ್ತು, ಹೂವು ಬಿತ್ತು. ಗಂಡಸರು ಮಂಗಳಾರತಿ ತಗೊಳ್ಳುತ್ತಿದ್ದಾಗ ಅಮ್ಮ ಸ್ಕೂಟರ್ ಹ್ಯಾಂಡಲ್ಲಿಗೆ ಕಟ್ಟುವ ಹಾಗೆ ಅರಿಶಿನದ ದಾರದ ಕಂಕಣವನ್ನೂ ಕಟ್ಟಿದಳು.

ಪೂಜೆ ಮುಗಿಸಿ ಅಲ್ಲಿನ ಕೆರೆಗೆ ಬಂದರು. ದಂಡೆಯಲ್ಲಿ ಶ್ರೀಧರ್ ದೀಪ ಹಚ್ಚಿದ. ನೀರು ಕುದಿಯುವ ಸದ್ದು ಬಂತು. ಇನ್ನೇನು ದೋಣಿಯನ್ನು ನೀರಿಗೆ ಬಿಡಬೇಕು, ಅಮ್ಮ ತಡೆದಳು. ಭಾನುವಾರ, ಆರು ಗಂಟೆಯವರೆಗೂ ರಾಹುಕಾಲ. ಇಷ್ಟು ದಿನ ಕಾದವರು ಇನ್ನು ಸ್ವಲ್ಪ ಹೊತ್ತು ಕಾದರೆ ಗಂಟೇನು ಹೋಗುತ್ತದೆ? ದೀಪ ಹಾಗೇ ಉರಿಯಲಿ, ಹೆಚ್ಚಾದ ಹಬೆ ವಾಲ್ವಿನಿಂದ ತಾನೇ ಹೋಗುತ್ತದೆ ಎಂದು ಶ್ರೀಧರ್ ಒಪ್ಪಿಕೊಂಡ.

ಪ್ರಿಯಂವದಾ ಪೈಪಿನ ಸಂದಿಯನ್ನೇ ನೋಡುತ್ತಿದ್ದಳು. ಒಂದು ಎಳೆ ಹಬೆಯೂ ಸೋರಲಿಲ್ಲ.

"ಏನ್ ಹುಡುಕ್ತಿದೀರಾ?" ಅವನು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ. "ಪರ್ಸಲ್ಲಿರೋ ವಾಷರ್ ನಿಮ್ಮತ್ರಾನೇ ಇರ್ಲಿ. ನಾನು ಬೇರೆ ಮಾಡ್ಕೊಂಡ್ ಬಂದೆ."

ಅವಳ ಕೈ ತಾನಾಗಿ ಪರ್ಸಿನ ಮೇಲೆ ಹೋಯಿತು. "ಗೊತ್ತಿತ್ತಾ ನಿಮ್ಗೆ?"

"ಅವತ್ತೇ ಗೊತ್ತಾಯ್ತು. ಆದ್ರೆ ಇವತ್ತು ಇದು ಓಡಲೇಬೇಕು ಮೇಡಂ."

ಅಂದರೆ ಮುಗಿಸಿಕೊಂಡು ಹೋಗುವ ಅವಸರ. ಅವಳು ಇನ್ನೊಂದು ಭಾನುವಾರಕ್ಕಾಗಿ ಕಳ್ಳತನ ಮಾಡಿದಳು, ಇವನು ಇದೇ ಭಾನುವಾರ ಕೈ ತೊಳೆದುಕೊಳ್ಳಲು ಹೊರಟಿದ್ದಾನೆ. ತುಂಬಿದ ಕಣ್ಣನ್ನು ಅವನಿಗೆ ತೋರಿಸಬಾರದೆಂದು ಅವಳು ಮತ್ತೆ ದೋಣಿಯತ್ತ ತಿರುಗಿದಳು. ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತ್ತು. ಹೆಚ್ಚಾದ ಹಬೆ ಬಿಡಲು ತಾನೇ ಮೇಲೇಳಬೇಕಾದ ವಾಲ್ವಿನ ಕಡ್ಡಿ ಏಳುತ್ತಿರಲಿಲ್ಲ. ಅದರ ಮೇಲೆ ಅಮ್ಮನ ಹಳದಿ ದಾರ ಮೂರು ಸುತ್ತು ಬಿಗಿದು ಕೂತಿತ್ತು.

"ಶ್ರೀಧರ್, ಮುಳ್ಳು ನೋಡಿ."

ಅವನ ಮುಖದ ಬಣ್ಣವೇ ಹೋಯಿತು. "ಪ್ರಿಯಾ, ದೂರ ಹೋಗು," ಎಂದು ಅವಳನ್ನು ಹಿಂದಕ್ಕೆ ತಳ್ಳಿದ. ಕೆಳಗಿನ ದೀಪವನ್ನು ಎಳೆದು ಆಚೆಗೆಸೆದು, ಬರಿಗೈಯಲ್ಲೇ ಆ ದಾರಕ್ಕೆ ಬೆರಳು ಹಾಕಿ ಜಗ್ಗಿದ. ದಾರ ಕಿತ್ತುಬಂತು. ಬಿಳಿ ಹಬೆ ಭುಸ್ಸೆಂದು ಅವನ ಅಂಗೈ ಸವರಿಕೊಂಡು ಮೇಲೆ ಹೋಯಿತು.

ಅಪ್ಪ ದಂಡೆಯ ಮೇಲೆ ಹಾಗೇ ಕುಸಿದು ಕೂತರು. ಅಮ್ಮ, ಅದು ಹಿಡಿ ಅಂದುಕೊಂಡೆ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದಳು. ಅವನ ಸುಟ್ಟ ಕೈ ನೋಡಿ ಪ್ರಿಯಂವದಾಗೆ ಅಳು ಉಕ್ಕಿ ಬಂತು, ಸಿಟ್ಟೂ ಬಂತು.

"ಓಡಿ ಹೋಗೋದ್ ಬಿಟ್ಟು ಕೈ ಯಾಕ್ ಹಾಕಿದ್ರಿ? ಒಡೆದ್ರೆ ಒಡೀತಿತ್ತು, ಒಂದ್ ದೋಣಿ."

"ಒಡೆದ್ರೆ ಓಡ್ತಿರ್ಲಿಲ್ಲ. ಓಡದೆ ನಾನು ಕೂಲಿ ಕೇಳೋ ಹಾಗಿಲ್ಲ."

ಅಷ್ಟರಲ್ಲಿ ಆರು ಗಂಟೆಯೂ ದಾಟಿತ್ತು. ಮುಳ್ಳು ಕೆಂಪು ಗೆರೆಯಿಂದ ಕೆಳಗಿಳಿಯುವ ತನಕ ಕಾದು, ಅವನು ಎಡಗೈಯಲ್ಲೇ ದೋಣಿಯನ್ನು ನೀರಿಗಿಟ್ಟು, ಉಳಿದ ಹಬೆಗೆ ತಿರುಪು ಬಿಟ್ಟ. ಟುಕ್ ಟುಕ್ ಎಂದು ಎಂಜಿನ್ ತಿರುಗಿತು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡ ಹಲಸಿನ ದೋಣಿ ತಾನೇ ನೀರು ಸೀಳಿಕೊಂಡು ಹೊರಟಿತು. ಅಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಓಡ್ತಲ್ಲಪ್ಪ. ಕೇಳು, ಏನು ಕೂಲಿ?"

ಶ್ರೀಧರ್ ಅಪ್ಪನ ಕಡೆ ನೋಡಲಿಲ್ಲ. "ಸರ್, ಮೊದ್ಲು ಇವರನ್ನ ಕೇಳ್ಬೇಕು," ಎಂದು ಅವಳ ಕಡೆ ತಿರುಗಿದ. "ನನಗೆ ನೀವು ಬೇಕು. ಅರ್ಧ ಕೆಲಸ ಇಟ್ಕೊಂಡು ಕೇಳೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ಇವತ್ತು ಓಡ್ಲೇಬೇಕು ಅಂದಿದ್ದು. ನೀವು ಬೇಡ ಅಂದ್ರೆ ಈ ಮಾತು ಇಲ್ಲೇ ಬಿಟ್ಟು ಹೋಗ್ತೀನಿ."

ಇಷ್ಟು ದಿನ ಬಾಯಿ ಬಿಡದವನು ಅಪ್ಪ ಅಮ್ಮನ ಎದುರಿಗೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ಪ್ರಿಯಂವದಾ ಪರ್ಸ್ ತೆಗೆದು, ತಾಮ್ರದ ವಾಷರನ್ನು ಹುಡುಕಿ, ಅವನ ಎಡ ಅಂಗೈಯಲ್ಲಿಟ್ಟಳು.

"ಇನ್ಮೇಲೆ ಇದನ್ನ ಕದಿಯೋ ಅಗತ್ಯ ಇಲ್ಲ ನನಗೆ," ಎಂದಳು. ಅವನ ತುಟಿ ಬಿಗಿಯಿತು, ಆದರೆ ಈ ಸಲ ನಗು ನಿಲ್ಲಲಿಲ್ಲ.

ಅಪ್ಪ ಅಮ್ಮನ ಮುಖ ನೋಡಿದರು. ಪ್ರಿಯಂವದಾಳ ನೋಟವೂ ಅಲ್ಲೇ. ಪುರೋಹಿತರ ಮನೆಯಲ್ಲಿ ಹುಟ್ಟಿದ, ರಾಹುಕಾಲಕ್ಕೆ ಕುದಿಯುವ ನೀರನ್ನೂ ನಿಲ್ಲಿಸುವ ಅಮ್ಮ, ಹೋಳೂರಿನ ರೈತರ ಮಗನಿಗೆ ಹೂಂ ಎನ್ನುವುದುಂಟೆ?

ತುಳಸಮ್ಮ ಸೆರಗಿನ ಅಂಚು ಹರಿದಳು. ಕೆರೆಯ ನೀರಿನಲ್ಲಿ ಅದ್ದಿ ಹಿಂಡಿದಳು. ಅವಳು ಮುಳಬಾಗಿಲಿನ ಎಷ್ಟೋ ಮನೆಗಳವರಂತೆ ಎರಡು ಭಾಷೆ ಆಡುವವಳು, ಆದರೆ ತೆಲುಗಿನಲ್ಲಿ ಮುದ್ದು ಮಾಡುವುದು ಮನೆಯವರನ್ನು ಮಾತ್ರ.

"ಕೈ ಕೊಡು ನಾಯನಾ," ಎಂದಳು.

ಬಟ್ಟೆ ಸುತ್ತಿದ ಮೇಲೆ ಅದು ಜಾರದ ಹಾಗೆ ಬಿಗಿಯಲು ಏನೂ ಇರಲಿಲ್ಲ. ಅಮ್ಮ ಅತ್ತಿತ್ತ ನೋಡಿ, ನೆಲದಲ್ಲಿ ಬಿದ್ದಿದ್ದ ಅರಿಶಿನದ ದಾರವನ್ನು ಎತ್ತಿಕೊಂಡಳು. ಮಣ್ಣು ಕೊಡವಿ, ಅವನ ಮಣಿಕಟ್ಟಿಗೆ ಮೂರು ಸುತ್ತು ಸುತ್ತತೊಡಗಿದಳು.

"ಅಮ್ಮಾ, ಅದು ಕಂಕಣ," ಎಂದಳು ಪ್ರಿಯಂವದಾ.

"ಗೊತ್ತು ಕಣೇ. ಆಗ ತಪ್ಪು ಜಾಗಕ್ಕೆ ಕಟ್ಟಿದ್ದೆ," ಎಂದು ತುಳಸಮ್ಮ ಗಂಟು ಹಾಕಿದಳು.